ಕೆರೆಯ ದಂಡೆಗೆ ಹೋದ ಹೋಟೆಲು

ನೀವು ಯಾವತ್ತಾದರೂ ನಮ್ಮ ಮನೆಗೆ ತಿಂಡಿಗೆ ಬರುವುದಾದರೆ ದಯವಿಟ್ಟು ಒಬ್ಬರೇ ಬರಬೇಡಿ. ಜೊತೆಗೆ ಇಬ್ಬರು ಸ್ನೇಹಿತರನ್ನೋ, ಚೆನ್ನಾಗಿ ತಿನ್ನುವ ಅಳಿಯನನ್ನೋ ಕರೆದುಕೊಂಡು ಬನ್ನಿ. ಇದು ಉಪಚಾರದ ಮಾತಲ್ಲ, ನನ್ನ ಕಷ್ಟ. ನನಗೆ ಒಬ್ಬರಿಗೆಂದು ಅಳೆದು ಅಡುಗೆ ಮಾಡಲು ಬರುವುದಿಲ್ಲ. ಇಬ್ಬರಿಗೂ ಬರುವುದಿಲ್ಲ. ಅಕ್ಕಿಯ ಡಬ್ಬಕ್ಕೆ ಕೈ ಹಾಕಿದೆನೆಂದರೆ ಆ ಕೈ ನಿಲ್ಲುವುದು ಯಾವುದೋ ಮದುವೆ ಮನೆಯ ಅಳತೆಯಲ್ಲಿ. ಮೊನ್ನೆ ಮೊಮ್ಮಗಳು ಗ್ರೈಂಡರಿನೊಳಗೆ ಇಣುಕಿ ನೋಡಿ, "ಪಾಟಿ, ಇವ್ವಳವು ಮಾವು ಯಾರುಕ್ಕು?" ಎಂದಳು. ಇಷ್ಟೊಂದು ಹಿಟ್ಟು ಯಾರಿಗೆ ಅಂತ. ನಾನು ಕನ್ನಡದಲ್ಲಿ ಏನೇ ಮಾತಾಡಿಸಿದರೂ ಅವಳ ಬಾಯಿಂದ ಬರುವುದು ತಮಿಳೇ. "ನಮಗೇ ಕಣೇ" ಎಂದೆ. ಅವಳು ಮನೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ, ಫ್ರಿಜ್ಜನ್ನೊಮ್ಮೆ ನೋಡಿ ಹೋದಳು. ಸೊಸೆ ಒಳಗಿನಿಂದ ನಕ್ಕದ್ದು ಕೇಳಿಸಿತು.

ತಪ್ಪು ನನ್ನದಲ್ಲ, ನಾನು ಹುಟ್ಟಿ ಬೆಳೆದ ಜಾಗದ್ದು. ನಮ್ಮದು ಹೋಟೆಲಿನ ಮನೆ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ಬಡಿಸಿ, ಕೊನೆಗೆ ರಾಯಪುರಂನಲ್ಲಿ ತಮ್ಮದೇ ಒಂದು ಹೋಟೆಲು ಇಟ್ಟಿದ್ದರು. ಕೆಳಗೆ ಹೋಟೆಲು, ಮೇಲೆ ಎರಡು ಕೋಣೆಯ ನಮ್ಮ ಮನೆ. ಬಂದರಿನಲ್ಲಿ ಮೂಟೆ ಹೊರುವವರು, ಕ್ರೇನಿನವರು, ಸುಂಕದ ಕಚೇರಿಯ ಗುಮಾಸ್ತರು, ಎಲ್ಲರೂ ನಮ್ಮ ಗಿರಾಕಿಗಳೇ. ಹಡಗು ಕೂಗಿದರೆ ನಮ್ಮ ಮನೆಯ ತಟ್ಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ಬಿಸಿಲುಮಚ್ಚಿನಲ್ಲಿ ಹಪ್ಪಳ ಒಣಗಿಸಿದರೆ ಸಂಜೆಯೊಳಗೆ ಅದರ ಮೇಲೆ ಕಲ್ಲಿದ್ದಲಿನ ಪುಡಿ ಕೂತಿರುತ್ತಿತ್ತು. ಗಾಳಿ ಒಂದು ಕಡೆಯಿಂದ ಬೀಸಿದರೆ ಮೀನಿನ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ನಮ್ಮದೇ ಸಾಂಬಾರಿನ ವಾಸನೆ. ನನಗೂ ತಮ್ಮನಿಗೂ ಎರಡೂ ಒಗ್ಗಿಹೋಗಿದ್ದವು. ಶಾಲೆಯಲ್ಲಿ ಪಕ್ಕ ಕೂತ ಹುಡುಗಿಯರು ನನ್ನ ಲಂಗದಿಂದ ವಡೆಯ ವಾಸನೆ ಬರುತ್ತದೆ ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಒಗ್ಗದೆ ಇದ್ದದ್ದು ಅಮ್ಮನಿಗೆ. ಮದುವೆಯಾಗಿ ಬಂದು ಎಷ್ಟೋ ವರ್ಷವಾಗಿದ್ದರೂ ಅವಳು ಮದರಾಸಿನಲ್ಲಿ ನೆಂಟರ ಮನೆಗೆ ಬಂದವಳಂತೆಯೇ ಇದ್ದಳು. ಆ ಕಾಲದಲ್ಲಿ ಮನೆಯ ಹೆಂಗಸರು ಹೋಟೆಲಿಗೆ ಇಳಿಯುವ ಪದ್ಧತಿ ಇರಲಿಲ್ಲ. ಕೆಳಗೆ ಎಲ್ಲ ಗಂಡಸರದೇ ರಾಜ್ಯ. ನಮಗೆ ಬೆಳಿಗ್ಗೆಯ ಕಾಫಿ ತಿಂಡಿ, ಮಧ್ಯಾಹ್ನದ ಊಟ ಎಲ್ಲ ಕೆಳಗಿನಿಂದಲೇ ಮೇಲೆ ಬರುತ್ತಿತ್ತು. ಪಕ್ಕದ ಬೀದಿಯ ಹೆಂಗಸರು ಅಮ್ಮನನ್ನು ನೋಡಿ, "ನೀವು ಪುಣ್ಯವಂತರು, ಒಲೆ ಹಚ್ಚುವ ಕೆಲಸವಿಲ್ಲ" ಎನ್ನುತ್ತಿದ್ದರು. ಅಮ್ಮ ನಗುತ್ತಿದ್ದಳು. ತವರಿನಲ್ಲಿ ಅವಳು ದೊಡ್ಡ ಕುಟುಂಬದ ಹಿರಿಯ ಮಗಳು. ಪಂಕ್ತಿ ಪಂಕ್ತಿಯಾಗಿ ಎಲೆ ಹಾಕಿಸಿ ಬಡಿಸಿದ ಕೈ ಅವಳದು. ಇಲ್ಲಿ ಆ ಕೈಗೆ ಇದ್ದದ್ದು ತುಪ್ಪದ ಡಬ್ಬದಲ್ಲಿ ಬೆಳೆಸಿದ ಒಂದು ತುಳಸಿ ಗಿಡ, ಅದರ ಎಲೆಯ ಮೇಲಿನ ಮಸಿ ಒರೆಸುವ ಕೆಲಸ. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಹತ್ತೋ ಹನ್ನೊಂದೋ ವಯಸ್ಸು, ಏನೂ ತಿಳಿದಿರಲಿಲ್ಲ. ತಿಳಿದದ್ದು ಒಂದು ಮಧ್ಯಾಹ್ನ ಅಮ್ಮ ಅಪ್ಪಯ್ಯನಿಗೆ ಹೇಳಿದ ಮಾತು ಮಾತ್ರ.

"ಹ್ವಾಯ್, ಒಂದ್ ಮಾತ್ ಹೇಳ್ತೆ. ಈ ಬೇಸಗೆಗೆ ಊರಿಗ್ ಹೋದ್ರೆ ನಾನ್ ತಿರ್ಗಿ ಬಪ್ಪುದಿಲ್ಲ. ಮಕ್ಕಳನ್ನ ಅಲ್ಲೇ ಶಾಲೆಗ್ ಸೇರಸ್ತೆ. ನೀವು ಪುರ್ಸೊತ್ತ್ ಆದಾಗ ಬಂದ್ ಹೋಗಿ."

ಅಪ್ಪಯ್ಯನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. "ಎಂತ ಆಯ್ತ್ ಮಾರಾಯ್ತಿ? ನಾನ್ ಎಂತಾದ್ರೂ ಅಂದ್ನಾ?"

"ನೀವ್ ಎಂತ ಅನ್ಲಿಲ್ಲ. ನಂಗ್ ಇಲ್ಲಿ ಆತಿಲ್ಲ, ಅಷ್ಟೇ."

ಜಗಳವಾಗಿದ್ದರೆ ಅಪ್ಪಯ್ಯನಿಗೆ ಧೈರ್ಯ ಬರುತ್ತಿತ್ತೇನೋ. ಅಮ್ಮ ದನಿ ಏರಿಸದೆ, ಹಪ್ಪಳದ ಮೇಲಿನ ಮಸಿ ಊದುತ್ತಾ ಈ ಮಾತು ಹೇಳಿದ್ದಳು. ಅಪ್ಪಯ್ಯ ಮೆಟ್ಟಿಲು ಇಳಿದು ಹೋದರು. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಎಂಥ ಕೋಪಿಷ್ಠ ಗಿರಾಕಿಯನ್ನೂ ನಗಿಸಿ ಕಳಿಸುವವರು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಮಾತೇ ಹೊರಡದು. ನನಗೇನೋ ಅಜ್ಜಿಮನೆ ಇಷ್ಟವೇ. ಆದರೆ ಅಪ್ಪಯ್ಯ ಒಬ್ಬರೇ ಇಲ್ಲಿ ಉಳಿಯುವುದು, ನಾವು ಅಲ್ಲಿ ಇರುವುದು, ಅದು ಹೇಗೆ ಎಂದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ.

ಇಲ್ಲಿ ವರದು ಮಾಮನನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಪೂರ್ತಿ ಹೆಸರು ವರದಾಚಾರ್, ಸುಂಕದ ಕಚೇರಿಯಲ್ಲಿ ಗುಮಾಸ್ತರು, ಸಂಜೆಯ ಕಾಫಿಗೆ ತಪ್ಪದೆ ಬರುವ ಗಿರಾಕಿ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ನೆಲೆಸಿದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು ಸೇರಿಹೋಗಿತ್ತು, ಅದು ಅವರಿಗೆ ಗೊತ್ತೂ ಇರಲಿಲ್ಲ. ಅವರ ಊರು ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ, ಮಧುರಾಂತಕದ ಈಚೆ ಒಂದು ಹಳ್ಳಿ. ಆ ಜಿಲ್ಲೆಯ ಮೇಲೆ ಅವರಿಗಿದ್ದ ಅಭಿಮಾನ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಕಾಫಿ ಆರಿಸುತ್ತಾ ಶುರು ಮಾಡಿದರೆ ಲೋಟ ಖಾಲಿಯಾದರೂ ಜಿಲ್ಲೆ ಮುಗಿಯುತ್ತಿರಲಿಲ್ಲ.

"ಮದ್ರಾಸು ಮದ್ರಾಸು ಅಂತೀರಲ್ಲ ರಾಯರೇ, ಅದು ನಮ್ಮ ಜಿಲ್ಲಾದ ತಿಣ್ಣೈ ರೀ, ಬರೀ ಜಗಲಿ! ನೀವು ಜಗಲಿ ಮೇಲೇ ಕೂತ್ಕೊಂಡು ಮನೆ ಒಳಗೆ ಏನಿದೆ ಅಂತ ನೋಡ್ಲೇ ಇಲ್ಲ. ಪಲ್ಲವರು ಕಟ್ಸಿದ್ದು, ಚೋಳರು ಕಟ್ಸಿದ್ದು, ಎಷ್ಟು ಕೆರೆ, ಎಷ್ಟು ಕೋಯಿಲ್, ಎಷ್ಟು ಗೋಪುರ! ಇಂಗ್ಲಿಷ್ನೋರಿಗೆ ಮೊದ್ಲು ಸಿಕ್ಕಿದ ಸೀಮೆ ಇದೇ. ಆಮೇಲೆ ತಾನೇ ಮಿಕ್ಕಿದ್ದೆಲ್ಲಾ!"

ಅಪ್ಪಯ್ಯ ಇಷ್ಟು ವರ್ಷ ಇದನ್ನು ಒಂದು ಕಿವಿಯಲ್ಲಿ ಕೇಳಿ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಅಮ್ಮನ ಮಾತಾದ ಮೇಲೆ ಅವರಿಗೆ ಒಮ್ಮೆಲೇ ಎರಡು ಕಿವಿಯೂ ಬಂದವು. ಅಮ್ಮನಿಗೆ ಬೇಕಾದದ್ದು ಹಸಿರು, ಗದ್ದೆ, ನೀರು, ಗುಡ್ಡ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅವೆಲ್ಲ ರೈಲು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲೇ ಇವೆ ಎಂದು ತೋರಿಸಿಬಿಟ್ಟರೆ ಅವಳು ನಿಲ್ಲುತ್ತಾಳೆ. ವರದು ಮಾಮನಿಂದ ಜಿಲ್ಲೆಯನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ಒಂದು ಸಂಜೆ ಮೇಲೆ ಬಂದು ಅಮ್ಮನ ಮುಂದೆ ಒಪ್ಪಿಸಿದರು. ನಮ್ಮ ಹೋಟೆಲಿನಲ್ಲಿ, 'ಏನೇನಿದೆ?' ಎಂದು ಕೇಳಿದ ಗಿರಾಕಿಗೆ ಬಡಿಸುವವರು ಉಸಿರು ಬಿಡದೆ ಹೇಳುವ ರಾಗವೊಂದಿತ್ತು. ಅಪ್ಪಯ್ಯನಿಗೆ ಗೊತ್ತಿದ್ದದ್ದು ಅದೊಂದೇ ರಾಗ.

"ಪಲ್ಲಾವರಂ ಗುಡ್ಡೆ, ವಂಡಲೂರ್ ಗುಡ್ಡೆ, ಚೆಂಗಲ್‌ಪಟ್ಟ್ ಕೆರೆ, ಮಧುರಾಂತಕ ಕೆರೆ, ರಾಮನ ದೇವಸ್ಥಾನ, ಭತ್ತದ್ ಗದ್ದೆ, ತೆಂಗಿನ್ ತೋಟ, ಹಕ್ಕಿ!"

"ಹಕ್ಕಿಯಾ?" ಎಂದಳು ಅಮ್ಮ.

"ಹಕ್ಕಿ! ಸ್ಪೆಷಲ್!" ಎಂದರು ಅಪ್ಪಯ್ಯ.

ಅಮ್ಮನಿಗೆ ನಗು ಬಂತು. ನಗು ಬಂದದ್ದೇ ಒಪ್ಪಿಗೆ ಎಂದು ಅಪ್ಪಯ್ಯ ಹೊರಡುವ ದಿನ ಗೊತ್ತು ಮಾಡಿದರು. ಹೋಟೆಲಿಗೆ ರಜೆ ಎನ್ನುವ ಮಾತನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಆರಿಸಿದ್ದು ಕಾಣುಂ ಪೊಂಗಲ್ ದಿನ, ಸಂಕ್ರಾಂತಿಯ ಮರುದಿನ ಕಳೆದು ಬರುವ ಹಬ್ಬ. ಅಂದು ತಮಿಳು ಜನ ಬುತ್ತಿ ಕಟ್ಟಿಕೊಂಡು ಸಂಸಾರ ಸಮೇತ ಹೊಳೆ, ಕೆರೆ, ಸಮುದ್ರದ ದಂಡೆಗೆ ಹೋಗಿ ಕೂರುತ್ತಾರೆ. "ಬಂದರಿಗೆ ಅವತ್ತ್ ಜನ ಇಲ್ಲ, ಹಂಗಾಗಿ ನಂಗೆ ಊರ್ ತೋರ್ಸುಕ್ ನಿಮ್ಗೆ ಪುರ್ಸೊತ್ತ್ ಆಯ್ತ್" ಎಂದು ಅಮ್ಮ ಚುಚ್ಚದೆ ಬಿಡಲಿಲ್ಲ. ಅಪ್ಪಯ್ಯ ಅದಕ್ಕೂ ಸಿದ್ಧರಾಗಿಯೇ ಇದ್ದರು.

ಅಪ್ಪಯ್ಯನ ತಯಾರಿಯನ್ನು ನೀವು ನೋಡಬೇಕಿತ್ತು. ಹಾಲಿನವನಿಗೆ ಹೇಳಿದರು. ಬಾಳೆ ಎಲೆಯವಳಿಗೆ, ಮೊಸರಿನವನಿಗೆ, ಸೌದೆಯವನಿಗೆ ಹೇಳಿದರು. ಬಾಗಿಲಿಗೆ ಬೋರ್ಡು ಬರೆಸಿದರು. ಬೆಳಿಗ್ಗೆ ಬಂದು ಇಡ್ಲಿ ತಿಂದು ಹರಸಿ ಹೋಗುತ್ತಿದ್ದ ಸಾಧುವಿಗೂ, "ನಾಳೆ ಬರಬೇಡಿ ಸ್ವಾಮಿ" ಎಂದು ಕೈ ಮುಗಿದು ಹೇಳಿದರು. ಒಂದು ಕಡೆ ಮಾತ್ರ ಹೇಳಲಿಲ್ಲ. ರುಬ್ಬುವ ಕಲ್ಲಿಗೆ.

ನಮ್ಮ ಅಡುಗೆಯ ಮುಖ್ಯಸ್ಥ ಶೀನಣ್ಣ, ಅಪ್ಪಯ್ಯನ ಜೊತೆಗೇ ಊರು ಬಿಟ್ಟು ಬಂದವನು. ಪ್ರತಿ ದಿನ ಮಧ್ಯಾಹ್ನ ಅಕ್ಕಿ ಬೇಳೆ ನೆನೆಹಾಕಿಸುವುದು, ಸಂಜೆ ರುಬ್ಬಿಸುವುದು, ದೊಡ್ಡ ಕೊಪ್ಪರಿಗೆಗಳಿಗೆ ತುಂಬಿ ಮುಚ್ಚಿಡುವುದು, ಅದು ಅವನಿಗೆ ಉಸಿರಾಟದ ಹಾಗೆ. ಹೊರಡುವ ದಿನ ಬೆಳಗಿನ ಜಾವ ಕೆಳಗಿನಿಂದ ಅಪ್ಪಯ್ಯನ ಕೂಗು ಕೇಳಿ ನಾವೆಲ್ಲ ಮೆಟ್ಟಿಲ ತುದಿಗೆ ಓಡಿ ಬಂದೆವು. ಕೊಪ್ಪರಿಗೆಗಳ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಇಡೀ ಬಂದರಿಗೆ ಸಾಕಾಗುವಷ್ಟು ಇಡ್ಲಿ ಹಿಟ್ಟು ಉಬ್ಬಿ, ಅಂಚು ದಾಟಿ, ಕೆಳಗಿಳಿಯುತ್ತಿತ್ತು.

"ಹೋಟ್ಲ್ ಇಲ್ಲ ಅಂತ ಹೇಳಿರಲಿಲ್ವನಾ ನಾನ್?"

"ಹೇಳಿದ್ರಿ," ಎಂದ ಶೀನಣ್ಣ. "ಹೋಟ್ಲ್ ಇಲ್ಲ ಅಂದ್ರಿ. ಅಕ್ಕಿ ನೆನ್ಸುದ್ ಬ್ಯಾಡ ಅಂದ್ರಾ?"

ಅಪ್ಪಯ್ಯ ತಲೆಯ ಮೇಲೆ ಕೈಯಿಟ್ಟು ಕೂತರು. ಅನ್ನದ ಪದಾರ್ಥ, ಚೆಲ್ಲುವಂತಿಲ್ಲ. ಹೋಟೆಲು ತೆಗೆದರೆ ತಿನ್ನಲು ಜನವಿಲ್ಲ, ಹೊರಡದೆ ನಿಂತರೆ ಅಮ್ಮನ ಎದುರು ಮುಖವಿಲ್ಲ. ಆಗ ನಡೆದದ್ದೇ ವಿಶೇಷ. ಅಮ್ಮ ಮೆಟ್ಟಿಲು ಇಳಿದು ಕೆಳಗೆ ಬಂದಳು. ಗಿರಾಕಿಗಳಿಲ್ಲ, ಬಡಿಸುವವರೆಲ್ಲ ರಜೆಯ ಮೇಲೆ ಹೋಗಿದ್ದಾರೆ, ಹಾಗಾಗಿ ಯಾರೂ ಬೇಡವೆನ್ನಲಿಲ್ಲ. ಬಿಳಿ ಕಲ್ಲಿನ ಮೇಜುಗಳನ್ನು ಮುಟ್ಟಿ ನೋಡಿದಳು. ಒಲೆಗಳ ಸಾಲನ್ನು ನೋಡಿದಳು. ನನಗಂತೂ ಅದು ದಿನಾ ಓಡಾಡುವ ಜಾಗ. ಅಮ್ಮ ಮಾತ್ರ ಅದನ್ನು ದೇವಸ್ಥಾನದ ಒಳಾಂಗಣ ನೋಡುವ ಹಾಗೆ ಒಂದು ಸುತ್ತು ಬಂದು ನೋಡಿದಳು.

"ಚೆಲ್ಲುದ್ ಬ್ಯಾಡ," ಎಂದಳು. "ಬೇಯ್ಸಿ ಶೀನಣ್ಣ. ತಕಂಡ್ ಹೋಪ."

ಹೀಗೆ ಪ್ರವಾಸ ಹೊರಟದ್ದು ನಮ್ಮ ಸಂಸಾರವಷ್ಟೇ ಅಲ್ಲ, ಹೋಟೆಲೇ ಎದ್ದು ಹೊರಟಿತು. ಬೆತ್ತದ ಬುಟ್ಟಿಗಳಿಗೆ ಬಾಳೆ ಎಲೆ ಹಾಸಿ, ಒದ್ದೆ ಬಟ್ಟೆ ಹೊದಿಸಿ ಇಡ್ಲಿ ತುಂಬಿಸಿದ್ದಾಯಿತು. ದಾರಿಯಲ್ಲಿ ಕೆಡಬಾರದೆಂದು ನೀರು ಸೋಕಿಸದೆ ಗಟ್ಟಿಯಾಗಿ ಅರೆದ ಚಟ್ನಿ ಒಂದು ದೊಡ್ಡ ಪಾತ್ರೆ. ಅಪ್ಪಯ್ಯ, ಅಮ್ಮ, ನಾನು, ತಮ್ಮ, ಶೀನಣ್ಣ, ದಾರಿ ತೋರಿಸಿ ಕೊನೆಗೆ ತಮ್ಮ ಹಳ್ಳಿಗೂ ಕರೆದೊಯ್ಯುವ ವರದು ಮಾಮ. ಬೀಚ್ ಸ್ಟೇಷನ್ನಿಗೆ ಎರಡು ಜಟಕಾ ಹೋದವು. ಒಂದರಲ್ಲಿ ನಾವು, ಒಂದರಲ್ಲಿ ಶೀನಣ್ಣನೂ ಇಡ್ಲಿಯೂ. ವರದು ಮಾಮ ಬುಟ್ಟಿಗಳನ್ನು ನೋಡಿ, "ಏನ್ರೀ ಇದು, ನಮ್ಮೂರಲ್ಲಿ ಯಾರಿಗಾದ್ರೂ ಕಲ್ಯಾಣವಾ?" ಎಂದು ಕಣ್ಣರಳಿಸಿದರು.

ತಾಂಬರಂವರೆಗೆ ಎಲೆಕ್ಟ್ರಿಕ್ ರೈಲು. ಇಡ್ಲಿಯ ಹಬೆಯ ವಾಸನೆಗೆ ಡಬ್ಬಿಯ ಜನ ಎಲ್ಲ ನಮ್ಮತ್ತ ತಿರುಗಿ ಕೂತಿದ್ದರು. ಕಿಟಕಿ ಪಕ್ಕದ ಜಾಗ ಅಮ್ಮನಿಗೆ. ಅಪ್ಪಯ್ಯ ಎದುರಿಗೆ ಕೂತು ಹೊರಗೆ ನೋಡುವುದು ಬಿಟ್ಟು ಅಮ್ಮನ ಮುಖ ನೋಡುತ್ತಿದ್ದರು. ಪಲ್ಲಾವರಂ ಬಂತು. "ಗುಡ್ಡೆ ಕಾಣ್!" ಎಂದರು.

ಅಮ್ಮ ನೋಡಿದಳು. "ಇದ್ ಗುಡ್ಡೆಯಾ? ಒಂದ್ ಮರ ಇಲ್ಲ."

ಬರೀ ಬಂಡೆ, ನಿಜವೇ. ಅಪ್ಪಯ್ಯ ಪಟ್ಟಿಯಿಂದ ಒಂದನ್ನು ಮನಸ್ಸಿನಲ್ಲೇ ಹೊಡೆದುಹಾಕಿದರು. ತಾಂಬರಂನಲ್ಲಿ ಇಳಿದು ಹೊಗೆ ಬಂಡಿ ಹತ್ತಿದೆವು. ವಂಡಲೂರು ಗುಡ್ಡಕ್ಕೂ ಅದೇ ಗತಿಯಾಯಿತು. ಮುಂದೆ ಹಳಿಯ ಎರಡೂ ಕಡೆ ಭತ್ತ ಕೊಯ್ದ ಗದ್ದೆ, ಇನ್ನೂ ಕೊಯ್ಯದ ಗದ್ದೆ, ತಾಳೆ ಮರ, ಮಳೆಗಾಲ ಈಗಷ್ಟೇ ಮುಗಿದು ತುಂಬಿ ನಿಂತ ಕೆರೆಗಳು. ಚೆಂಗಲ್‌ಪಟ್ಟಿನ ಹತ್ತಿರ ದೊಡ್ಡ ಕೆರೆ ರೈಲಿನ ಜೊತೆಗೇ ಓಡಿ ಬಂತು. ತಮ್ಮ ಎದ್ದು ಕುಣಿದ. ಅಪ್ಪಯ್ಯ ಆಸೆಯಿಂದ ಅಮ್ಮನನ್ನು ನೋಡಿದರು.

"ಚಂದ ಇತ್ತ್," ಎಂದಳು ಅಮ್ಮ. ಅಪ್ಪಯ್ಯನ ಮುಖ ಅರಳುವಷ್ಟರಲ್ಲಿ, "ಆದ್ರೂ ನಮ್ಮೂರ್ ಹೊಳೆ ಕಂಡವ್ರಿಗೆ ಇದ್ ಎಂತ!" ಎಂದಳು.

ಆ ರೈಲಿನಲ್ಲಿ ನಮ್ಮ ಎದುರು ಒಬ್ಬ ನೇಕಾರ, ಅವನ ಹೆಂಡತಿ. ಕಾಂಚೀಪುರಕ್ಕೆ ಹೊರಟವರು. ನಮ್ಮ ಮಾತು ಕೇಳಿ ಆ ಹೆಂಗಸು ಹತ್ತಿರ ಸರಿದು, "ನಾವೂ ಕನ್ನಡ್ದೋರೇ ತಾಯೀ" ಎಂದಳು. ಆ ಕನ್ನಡ ನಮ್ಮದರ ಹಾಗಿರಲಿಲ್ಲ, ವರದು ಮಾಮನದರ ಹಾಗೂ ಇರಲಿಲ್ಲ. ಅಮ್ಮ ಅವಳ ಬಾಯನ್ನೇ ನೋಡುತ್ತಾ ಕೇಳಿದಳು. ಯಾವ ಊರು, ಯಾವಾಗ ಬಂದದ್ದು ಎಂದೆಲ್ಲ ವಿಚಾರಿಸಿದಳು. "ಎಷ್ಟು ತಲೆಮಾರಾಯ್ತೋ ಗೊತ್ತಿಲ್ಲ, ಯಾವ ಊರೂ ಗೊತ್ತಿಲ್ಲ. ಈಗ ಇದೇ ಊರು" ಎಂದಳು ಆಕೆ, ನಾವು ಕೊಟ್ಟ ಇಡ್ಲಿ ಮುರಿಯುತ್ತಾ. ವರದು ಮಾಮ ಅವಕಾಶ ಬಿಡುತ್ತಾರೆಯೇ? "ನೋಡಿದ್ರಾ ಅಮ್ಮಾ, ನಮ್ಮ ಜಿಲ್ಲಾದಲ್ಲಿ ಇಲ್ದೇ ಇರೋ ಜನ ಇಲ್ಲ! ತೆಲುಗು ರೆಡ್ಡಿಗಳಿದಾರೆ, ಕುರುಬರಿದಾರೆ, ಆರ್ಕಾಟು ನವಾಬರ ಕಾಲದ ಸಾಯಬ್ರಿದಾರೆ. ಬಂದೋರೆಲ್ಲಾ ನಿಂತೇಬಿಟ್ರು!" ಎಂದರು. 'ನಿಂತೇಬಿಟ್ರು' ಎಂಬುದನ್ನು ಒತ್ತಿ ಹೇಳಿದರು. ಅಪ್ಪಯ್ಯ ಹೇಳಿಕೊಟ್ಟ ಮಾತಿರಬೇಕೆಂದು ನನಗೂ ಅನ್ನಿಸಿತು. ಅಮ್ಮ ಕಿಟಕಿಯ ಕಡೆಗೆ ತಿರುಗಿದಳು.

ಸಣ್ಣದೊಂದು ಸ್ಟೇಷನ್ನಿನಲ್ಲಿ ಇಳಿದು ಎತ್ತಿನ ಗಾಡಿ ಹತ್ತಿದೆವು. ನೇರ ಹೋದದ್ದು ಅಪ್ಪಯ್ಯನ ಸ್ಪೆಷಲ್ಲಿಗೆ. ವೇಡಂತಾಂಗಲ್ ಎಂಬ ಹಳ್ಳಿಯ ಕೆರೆ. ನೀರಿನ ನಡುವೆ ಮುಳುಗಿ ನಿಂತ ಮರಗಳು, ಆ ಮರಗಳ ತುಂಬ ಹಕ್ಕಿ. ಎಲೆ ಕಾಣದಷ್ಟು ಹಕ್ಕಿ. ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ, ಹೆಸರು ಗೊತ್ತಿಲ್ಲದ ಇನ್ನೂ ಏನೇನೋ. ಆ ಊರಿನವರು ದೀಪಾವಳಿಗೂ ಪಟಾಕಿ ಹೊಡೆಯುವುದಿಲ್ಲವಂತೆ, ಹಕ್ಕಿ ಹೆದರೀತು ಎಂದು. ಹಕ್ಕಿಯ ಹಿಕ್ಕೆ ಬಿದ್ದ ನೀರು ಗದ್ದೆಗೆ ಹೋದರೆ ಬೇರೆ ಗೊಬ್ಬರ ಬೇಡವಂತೆ. ವರದು ಮಾಮ ಇದನ್ನೆಲ್ಲ ಪಿಸುದನಿಯಲ್ಲಿ ಹೇಳಿದರು. ಪಿಸುಗುಡಲು ಬಾರದ ಶೀನಣ್ಣ, ಹೋಟೆಲಿನ ಗಲಾಟೆಗೆ ಒಗ್ಗಿದ ಗಂಟಲಿನಲ್ಲಿ, "ಅಯ್ಯೋ ರಾಮ, ಎಷ್ಟ್ ಹಕ್ಕಿ!" ಎಂದು ಕೂಗಿದ. ಒಂದು ಮರದ ಹಕ್ಕಿಗಳೆಲ್ಲ ಎದ್ದು ಹಾರಿ, ಒಂದು ಸುತ್ತು ಬಂದು, ಮತ್ತೆ ಕೂತವು. ದಂಡೆಯಲ್ಲಿದ್ದ ಮುದುಕನೊಬ್ಬ ಶೀನಣ್ಣನನ್ನು ನೋಡಿದ ನೋಟಕ್ಕೆ ಶೀನಣ್ಣ ಗಾಡಿಯ ಹಿಂದೆ ಹೋಗಿ ನಿಂತ.

ಅಮ್ಮ ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಅಪ್ಪಯ್ಯ ಗೆದ್ದೇಬಿಟ್ಟೆನೆಂದು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

"ಇವೆಲ್ಲ ಇಲ್ಲಿದೇ ಹಕ್ಕಿಯಾ?" ಎಂದಳು ಅಮ್ಮ.

"ಇಲ್ಲಮ್ಮಾ, ಎಲ್ಲೆಲ್ಲಿಂದ್ಲೋ ಬರತ್ವೆ," ಎಂದರು ವರದು ಮಾಮ, ಹುಮ್ಮಸ್ಸಿನಿಂದ. "ಮಳೆ ಮುಗೀತಾ ಬಂದ್ಹಾಗೆ ಬಂದು, ಗೂಡು ಕಟ್ಟಿ, ಮರಿ ಮಾಡಿ, ವೆಯಿಲು ಏರೋ ಹೊತ್ತಿಗೆ ಹೊರಟ್ಹೋಗತ್ವೆ."

"ಬೇಸಗೆಗಾ? ಮಕ್ಕಳನ್ನೂ ಕರ್ಕಂಡಾ?"

"ಆಮಾ, ಮಕ್ಳು ಮರಿ ಎಲ್ಲಾ."

"ಬುದ್ಧಿ ಇತ್ತ್ ಅವಕ್ಕೆ," ಎಂದಳು ಅಮ್ಮ.

ಅಪ್ಪಯ್ಯನ ಮುಖ ನೋಡಲಾಗಲಿಲ್ಲ. ತಾವು ಆಡಿದ್ದು ಏನೆಂದು ಹೊಳೆದು ವರದು ಮಾಮ, "ಆದ್ರೆ ಮುಂದಿನ ವರ್ಷ ಕರೆಕ್ಟಾಗಿ ತಿರುಗಿ ಬರತ್ವೆ ಅಮ್ಮಾ!" ಎಂದು ಕೂಗಿಕೊಂಡರು. ಅಷ್ಟರಲ್ಲಿ ಅಮ್ಮ ಗಾಡಿ ಹತ್ತಿಯಾಗಿತ್ತು. ಪಟ್ಟಿಯಲ್ಲಿ ಮಧುರಾಂತಕದ ಕೆರೆ, ರಾಮನ ದೇವಸ್ಥಾನ ಉಳಿದಿದ್ದರೂ ಸ್ಪೆಷಲ್ಲೇ ಸೋತ ಮೇಲೆ ಅವನ್ನು ತೋರಿಸುವ ಉತ್ಸಾಹ ಅಪ್ಪಯ್ಯನಿಗೆ ಉಳಿಯಲಿಲ್ಲ. ನನಗೆ ಅಳು ಒತ್ತಿಕೊಂಡು ಬಂತು. ಗಾಡಿ ಕುಲುಕಿದ್ದಕ್ಕೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಅಪ್ಪಯ್ಯನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ವರದು ಮಾಮನ ಹಳ್ಳಿ ತಲುಪಿದಾಗ ಊರಿಗೆ ಊರೇ ಅಲ್ಲಿಯ ಕೆರೆಯ ದಂಡೆಯ ಮೇಲಿತ್ತು. ಕಾಣುಂ ಪೊಂಗಲ್ ಅಲ್ಲವೇ. ಚಾಪೆ ಹಾಸಿ, ಚಿತ್ರಾನ್ನ ಮೊಸರನ್ನದ ಗಂಟು ಬಿಚ್ಚಿ, ಕಬ್ಬು ಸಿಗಿಯುತ್ತಾ ಜನ ಕೂತಿದ್ದರು. ಕೂತದ್ದು ಅವರವರ ಬೀದಿಯ ಲೆಕ್ಕದಲ್ಲೇ. ಈ ತುದಿಯ ಅರಳಿ ಮರದ ನೆರಳಲ್ಲಿ ಅಗ್ರಹಾರದವರು, ನಡುವೆ ಒಕ್ಕಲಿನವರು, ಆಚೆ ತುದಿಯ ಬಿಸಿಲಿನಲ್ಲಿ ಹಾವು ಹಿಡಿಯುವ, ಬೇರು ಬಳ್ಳಿ ಮಾರುವ ಇರುಳರ ಎರಡು ಮೂರು ಸಂಸಾರ. ನಾವು ಬುಟ್ಟಿಗಳನ್ನು ಇಳಿಸಿದ್ದೇ ತಡ, ಮಕ್ಕಳೆಲ್ಲ ಸುತ್ತ ನೆರೆದವು. ಶೀನಣ್ಣ ರೂಢಿಯಂತೆ ಪಂಚೆ ಎತ್ತಿ ಕಟ್ಟಿ ಬುಟ್ಟಿಗೆ ಕೈ ಹಾಕಿದ.

"ಬಿಡಿ ಶೀನಣ್ಣ," ಎಂದಳು ಅಮ್ಮ. "ನಾನ್ ಬಡಿಸ್ತೆ."

"ನೀನ್ ಎಂತಕ್ಕೆ ಮಾರಾಯ್ತಿ..." ಎಂದು ಅಪ್ಪಯ್ಯ ಎದ್ದರು. ಅಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಗಿಸಿ, ಬುಟ್ಟಿ ಸೊಂಟದ ಮೇಲಿಟ್ಟು ಹೊರಟಾಗಿತ್ತು. ಚಟ್ನಿ ಪಾತ್ರೆ ಹಿಡಿದು ಹಿಂದೆ ಹೋಗುವ ಕೆಲಸ ನನ್ನದು.

ವರದು ಮಾಮನ ಸೋದರತ್ತೆ ಬಹಳ ಮಡಿಯ ಮುದುಕಿ, ಹೋಟೆಲಿನ ತಿಂಡಿ ಮುಟ್ಟದವರು. "ತಿನ್ನೋದಿಲ್ಲಮ್ಮಾ, ಹೇಗಿದೆ ಅಂತ ಪಾರ್ಕ್ತೀನಿ ಅಷ್ಟೇ" ಎಂದು ಒಂದು ಇಡ್ಲಿಯನ್ನು ಬೆರಳಲ್ಲಿ ಒತ್ತಿ ನೋಡಿದರು. ಎಲೆಗೆ ಹಾಕಿಸಿಕೊಂಡು ಇನ್ನೊಮ್ಮೆ ನೋಡಿದರು. ನಾವು ತಿರುಗಿ ಬರುವಷ್ಟರಲ್ಲಿ ಎಲೆಯಲ್ಲಿ ಇಡ್ಲಿ ಇರಲಿಲ್ಲ. ಕಾಗೆ ತೆಗೆದುಕೊಂಡು ಹೋಯಿತು ಎಂದರು. ಅಮ್ಮ ಕಾಗೆಗೆಂದು ಇನ್ನೆರಡು ಹಾಕಿ, ನಗು ತಡೆದುಕೊಂಡು ಮುಂದೆ ಹೋದಳು.

ಒಕ್ಕಲಿನ ಹೆಂಗಸರ ಗುಂಪು ದಾಟಿ ಅಮ್ಮ ಆಚೆ ತುದಿಗೆ ಹೊರಟಾಗ ಅರಳಿ ಮರದ ಕೆಳಗೆ ಗುಸುಗುಸು ಎದ್ದಿತು. ವರದು ಮಾಮ ಓಡಿ ಬಂದು, "ಅಮ್ಮಾ, ಅಲ್ಲಿಗೆ ಶೀನಣ್ಣ ತಗೊಂಡ್ಹೋಗ್ಲಿ" ಎಂದು ಸಂಕೋಚದಿಂದ ಹೇಳಿದರು. ಅಮ್ಮ ನಿಂತು ಅವರನ್ನು ನೋಡಿದಳು. "ನಮ್ಮ ಹೋಟ್ಲಿಗೆ ಬಂದವ್ರೆಲ್ಲ ಒಂದೇ ಇಡ್ಲಿ ತಿಂಬುದಲ್ದಾ?" ಎಂದಳು. ನಮ್ಮ ಹೋಟ್ಲು ಎಂದು ಅಮ್ಮ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದುವರೆಗೆ ಅದು 'ನಿಮ್ಮ ಹೋಟ್ಲು' ಆಗಿತ್ತು. ವರದು ಮಾಮ ದಾರಿ ಬಿಟ್ಟರು. ಇರುಳರ ಅಜ್ಜನೊಬ್ಬ ಎರಡು ಕೈ ಚಾಚಿ ಎಲ್ಲ ಹಾಕಿಸಿಕೊಂಡು, ತಿನ್ನುತ್ತಾ ತಿನ್ನುತ್ತಾ ಕಣ್ಣು ಮುಚ್ಚಿದ. ಅಮ್ಮ ಅವನು ಕಣ್ಣು ತೆರೆಯುವವರೆಗೆ ಅಲ್ಲೇ ನಿಂತಿದ್ದಳು.

ಬುಟ್ಟಿಗಳು ಖಾಲಿಯಾದ ಮೇಲೆ ಒಕ್ಕಲಗಿತ್ತಿಯರು ಅಮ್ಮನನ್ನು ಬಿಡಲಿಲ್ಲ. ಕುಪ್ಪಮ್ಮ ಎಂಬಾಕೆ ಕೈಹಿಡಿದು ಎಳೆದು, "ಉಕ್ಕಾರು ತಾಯಿ, ಇಪ್ಪೊ ನೀ ಸಾಪ್ಪಿಡು", ಈಗ ನೀನು ತಿನ್ನು ಎಂದು ಕೂರಿಸಿ, ಸಿಹಿ ಪೊಂಗಲ್ಲು, ಬೇಯಿಸಿದ ಕಡಲೆಕಾಯಿ, ಕಬ್ಬು ಎಲ್ಲ ಮಡಿಲಿಗೆ ಸುರಿದಳು. ಅಮ್ಮನಿಗೆ ತಮಿಳು ಅಷ್ಟಕ್ಕಷ್ಟೆ. ಅವಳು ಕುಂದಾಪುರದ ಕನ್ನಡದಲ್ಲಿ ಕೇಳುವುದು, ಅವರು ತಮಿಳಿನಲ್ಲಿ ಹೇಳುವುದು, ಮಧ್ಯೆ ಮಧ್ಯೆ ಎಲ್ಲರೂ ಸೇರಿ ನಗುವುದು. ಎಷ್ಟು ಮಕ್ಕಳು, ಎಷ್ಟು ಹಸು, ಅತ್ತೆ ಹೇಗೆ, ಇಡ್ಲಿಗೆ ಉದ್ದು ಎಷ್ಟು. ಅಮ್ಮ ಅಷ್ಟು ಮಾತಾಡಿದ್ದನ್ನು, ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಜ್ಜಿಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಹೊಟ್ಟೆನೋವಿನ ಸುಳ್ಳನ್ನು ಮರೆತು ಕಬ್ಬಿಗೆ ಕೈ ಹಾಕಿದೆ.

ಅಪ್ಪಯ್ಯ ಇದನ್ನು ಯಾವುದನ್ನೂ ನೋಡಲಿಲ್ಲ. ಅವರು ದಂಡೆಯ ಕೊನೆಯಲ್ಲಿ ಒಬ್ಬರೇ ಕೂತು ನೀರಿಗೆ ಕಲ್ಲು ಎಸೆಯುತ್ತಿದ್ದರು. ಅವರ ಲೆಕ್ಕದಲ್ಲಿ ಗುಡ್ಡ ಸೋತಿತ್ತು, ಕೆರೆ ಸೋತಿತ್ತು, ಹಕ್ಕಿಯಂತೂ ಎದುರು ಸಾಕ್ಷಿ ಹೇಳಿಬಿಟ್ಟಿತ್ತು. ಬುಟ್ಟಿಗಳನ್ನು ಕೆರೆಯಲ್ಲಿ ಜಾಲಿಸುತ್ತಿದ್ದ ಶೀನಣ್ಣನ ಹತ್ತಿರ ಅಮ್ಮ ಹೋಗಿ ಕೇಳಿದ್ದು ನನಗೊಬ್ಬಳಿಗೇ ಕೇಳಿಸಿತು.

"ಶೀನಣ್ಣ, ಜನ ದಿನಾ ಹೀಂಗೇ ತಿಂತ್ರಾ?"

"ಹೀಂಗೇ ಅಮ್ಮ. ಹಸ್ದ್ ಬತ್ರ್, ತಿಂತ್ರ್, ಹೋತ್ರ್."

"ಮೇಲ್ ಕೂತವ್ರಿಗೆ ಗೊತ್ತೇ ಆತಿಲ್ಲ," ಎಂದಳು ಅಮ್ಮ. "ವಾಸನೆ ಮಾತ್ರ ಬಪ್ಪುದ್. ಮುಖ ಕಾಂಬುದಿಲ್ಲ."

ಸಂಜೆಗೆ ಮೊದಲೇ ಹೊರಟು ಸ್ಟೇಷನ್ನಿಗೆ ಬಂದೆವು. ವರದು ಮಾಮ ಊರಿನಲ್ಲೇ ಉಳಿದರು. ತಾಂಬರಂನಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿದೆವು. ತಮ್ಮ ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದ. ಶೀನಣ್ಣ ಖಾಲಿ ಬುಟ್ಟಿಗಳಿಗೆ ಒರಗಿ ತೂಕಡಿಸುತ್ತಿದ್ದ. ನಾನು ಕಣ್ಣು ಮುಚ್ಚಿ, ಕಿವಿ ತೆರೆದು ಕೂತಿದ್ದೆ. ರೈಲು ಹೊರಟ ಮೇಲೆ ಅಪ್ಪಯ್ಯ ಕೇಳಿದರು.

"ಹೇಂಗಿತ್ತ್?"

ಅಮ್ಮ ತಮ್ಮನ ತಲೆಯನ್ನು ಮಡಿಲಲ್ಲಿ ಸರಿಮಾಡಿದಳು.

"ಇಡ್ಲಿ ಲಾಯ್ಕ್ ಇತ್ತ್. ಚಟ್ನಿಗೆ ಉಪ್ಪ್ ಸಾಲ," ಎಂದಳು.

ಅಪ್ಪಯ್ಯ ಕೇಳಿದ್ದು ಗುಡ್ಡದ ವಿಚಾರ, ಕೆರೆಯ ವಿಚಾರ. ಅಮ್ಮನೇ ಮುಂದುವರಿಸಿದಳು.

"ಶೀನಣ್ಣನ ನಾಲ್ಗೆಗೆ ವಯಸ್ಸಾಯ್ತ್. ನಾಳೆಯಿಂದ ಬೆಳಿಗ್ಗೆ ನಾನ್ ಕೆಳಗ್ ಬತ್ತೆ. ನಾನ್ ರುಚಿ ಕಂಡ್ ಮೇಲೇ ಬಾಗ್ಲ್ ತೆಗುದ್. ಯಾರ್ ಎಂತ ಅಂದ್ರೂ ಅಡ್ಡಿಲ್ಲ, ಬಡಿಸುಕೂ ನಿಲ್ತೆ."

ಪಲ್ಲಾವರಂ ಬಂತು, ಜನ ಹತ್ತಿದರು, ಇಳಿದರು. ರೈಲು ಮತ್ತೆ ಹೊರಟಿತು. ಅಪ್ಪಯ್ಯ ಬಹಳ ಮೆಲ್ಲಗೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು.

"ಬೇಸಗೆಗೆ ಊರಿಗ್ ಹೋಪುದಲ್ದಾ?"

"ಹೋಪುದೇ. ಶಾಲೆ ಸುರು ಆಪುಕ್ ಮುಂಚೆ ಬಪ್ಪುದ್."

ನಾನು ಕಣ್ಣು ತೆರೆದೆ. ಅಪ್ಪಯ್ಯ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ, ಗಲ್ಲಾದ ಮುಂದೆ ಹಳೆಯ ಗಿರಾಕಿಯ ದೂರು ಕೇಳುವ ಅದೇ ಮರ್ಯಾದೆಯ ದನಿಯಲ್ಲಿ ಕೇಳಿದರು:

"ಉಪ್ಪ್ ಎಷ್ಟ್ ಕಮ್ಮಿ ಆಯ್ತ್?"